ಸಹಾಯ ಬೇಕು: 1954ರ ಶೆವ್ರೊಲೆ 3100 ಟ್ರಕ್ಕಿನ ಬ್ರೇಕ್

ನಮಸ್ಕಾರ. ತಾತ ಓಡಿಸುತ್ತಿದ್ದ ಶೆವ್ರೊಲೆ 3100 ಈಗ ಬಸವನಗುಡಿಯಲ್ಲಿ ನನ್ನ ಮನೆಯ ಮುಂದಿದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಪೆಡಲ್ ಒತ್ತಲು ನೆರವಾಗುವ ಬೂಸ್ಟರ್ ಇಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದು. ಎಲ್ಲಿ ಸೋರಿದರೂ ನಾಲ್ಕೂ ಬ್ರೇಕುಗಳು ಹೋಗುತ್ತವೆ. ಕಳೆದ ಭಾನುವಾರ ಹೆಬ್ಬಾಳ ಮೇಲ್ಸೇತುವೆ ಇಳಿಯುವಾಗ ಪೆಡಲ್ ನೆಲದವರೆಗೆ ಹೋಯಿತು. ಕೈಬ್ರೇಕ್ ಹಿಡಿದು ನಿಲ್ಲಿಸಿದೆ. ಪಕ್ಕದಲ್ಲಿ ಮಗಳಿದ್ದಳು, ಆ ಗಳಿಗೆ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿಸಿ, ಮುಂದೆ ಡಿಸ್ಕ್, ಹಿಂದೆ ಡ್ರಮ್ ಇಡುವ ಯೋಚನೆ ಇದೆ. ಮಾಸ್ಟರ್ ಸಿಲಿಂಡರ್ ನೆಲಹಾಸಿನ ಕೆಳಗಿದ್ದು, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗಿಂತ ತಗ್ಗಿನಲ್ಲಿರುವುದರಿಂದ, ದ್ರವ ಹಿಂದಕ್ಕೆ ಹರಿಯದಂತೆ ಡಿಸ್ಕ್ ಸಾಲಿಗೆ 2 ಪಿಎಸ್ಐ (ಒತ್ತಡದ ಅಳತೆ), ಡ್ರಮ್ ಸಾಲಿಗೆ 10 ಪಿಎಸ್ಐ ರೆಸಿಡ್ಯುಯಲ್ ವಾಲ್ವ್ (ಸಾಲಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ಕವಾಟ) ಬೇಕಾಗುತ್ತದೆ. ಒಬ್ಬ ಮೆಕ್ಯಾನಿಕ್ ವಾಲ್ವೇ ಬೇಡ ಎಂದರು, ನನಗೆ ಒಪ್ಪಿಗೆಯಾಗಲಿಲ್ಲ.

ಇಂಥ ಕೆಲಸವನ್ನು ಸ್ವತಃ ಮಾಡಿದವರು ಬೆಂಗಳೂರಿನಲ್ಲಿದ್ದಾರೆಯೇ? ಜೆ.ಸಿ. ರಸ್ತೆಯಲ್ಲಿ ಹೊಸ ಉಕ್ಕಿನ ಬ್ರೇಕ್ ಪೈಪ್‌ಗಳನ್ನು ಸರಿಯಾಗಿ ಫ್ಲೇರ್ ಮಾಡಿಕೊಡುವವರು (ತುದಿ ಅಗಲಿಸಿಕೊಡುವವರು) ಯಾರು? ತಾಮ್ರದ ಪೈಪ್ ನನಗೆ ಖಂಡಿತ ಬೇಡ. ಹಳೆಯ 6 ಬೋಲ್ಟಿನ ಚಕ್ರಗಳನ್ನೇ ಉಳಿಸಿಕೊಳ್ಳಬೇಕು, ಅವು ತಾತನ ಕಾಲದವು. ಬೂಸ್ಟರ್ ಕೂರಿಸಲು ಚಾಸಿಯ ಬಳಿ ಜಾಗ ಸಾಲುತ್ತದೆಯೇ ಎಂಬುದನ್ನೂ ಅನುಭವಸ್ಥರು ತಿಳಿಸಿ. ಅಲ್ಲಿಯವರೆಗೆ ಟ್ರಕ್ಕನ್ನು ರಸ್ತೆಗೆ ಇಳಿಸುವುದಿಲ್ಲ.