ಅಪ್‌ಡೇಟ್: ಡಿಪಿಎಫ್ ತೊಳೆದಾಯ್ತು, ಲೈಟ್ ಆರಿತು

ಡೀಸೆಲ್ ಗಾಡಿಯ ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯೋ ಫಿಲ್ಟರ್) ಲೈಟ್ ಆರ್ತಾನೇ ಇಲ್ಲ, ಫಿಲ್ಟರ್ ಬಿಚ್ಚಿ ಮನೆಯಲ್ಲೇ ತೊಳೆಯಬಹುದಾ ಅಂತ ಕೇಳಿದ್ದೆ ಅಲ್ವಾ? ತೊಳೆದೆ, ಕೆಲಸ ಆಯ್ತು.

ಬಿಚ್ಚೋದೇ ದೊಡ್ಡ ತಲೆನೋವು. ತುಕ್ಕು ಹಿಡಿದ ಸೆನ್ಸರ್ ಜಪ್ಪಯ್ಯ ಅಂದರೂ ಅಲುಗಲಿಲ್ಲ; ತುಕ್ಕು ಬಿಡಿಸೋ ಆಯಿಲ್ ಹಾಕಿ ರಾತ್ರಿಯಿಡೀ ಬಿಡಬೇಕಾಯಿತು. ಕ್ಲೀನರ್‌ನಲ್ಲಿ ನೆನೆಸಿ, ಹೊಗೆ ಹೊರಹೋಗುವ ಕಡೆಯಿಂದ ಹಿಮ್ಮುಖವಾಗಿ ಸಾದಾ ಪೈಪಿನಲ್ಲಿ ನೀರು ಬಿಟ್ಟೆ. ಮೊದಲು ಕಪ್ಪು ನೀರು, ಆಮೇಲೆ ಬೂದು ಕೆಸರು. ಮಸಿಯಾದರೆ 600 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಉರಿದುಹೋಗುತ್ತದೆ. ಎಂಜಿನ್ ಆಯಿಲಿನಿಂದ ಬರುವ ಬೂದಿ ಉರಿಯಲ್ಲ, ತೊಳೆದೇ ತೆಗೆಯಬೇಕು. ಪ್ರೆಶರ್ ವಾಷರ್ ಮಾತ್ರ ಬೇಡ, ಒಳಗಿನ ಸೆರಾಮಿಕ್ ಹಾಳಾಗಬಹುದು.

ಪೂರ್ತಿ ಒಣಗಿಸಿ ಕೂರಿಸಿದೆ, ಗಾಡಿಗೆ ಸಿಕ್ಕಿಸೋ ಸ್ಕ್ಯಾನರ್‌ನಲ್ಲಿ ರೀಸೆಟ್ ಮಾಡಿದೆ. ಐಡಲ್‌ನಲ್ಲಿ ಫಿಲ್ಟರ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ಈಗ ಹೆಚ್ಚುಕಡಿಮೆ ಸೊನ್ನೆ. ಆ ಕೊಳೆ ನೀರನ್ನು ಸುಮ್ನೆ ಚರಂಡಿಗೆ ಬಿಡಬೇಡಿ, ಡ್ರಮ್ಮಿನಲ್ಲಿ ಹಿಡಿದಿಡಿ.