ಅಪ್‌ಡೇಟ್: ಆಫ್ ಮಾಡಿದರೂ ಪಿನ್‌ನಲ್ಲಿ 3.3 ವೋಲ್ಟ್, ಕಾರಣ ಸಿಕ್ತು

ಹೋದ ವಾರ ಕೇಳಿದ್ದೆನಲ್ಲ, ತಿಕೋಟಾ ಹತ್ತಿರದ ನಮ್ಮ ದ್ರಾಕ್ಷಿ ತೋಟದ ಡ್ರಿಪ್ ವಾಲ್ವ್‌ಗೆ ರಾಸ್ಪ್‌ಬೆರಿ ಪೈ 4 (ಚಿಕ್ಕ ಕಂಪ್ಯೂಟರ್ ಬೋರ್ಡ್) ಹಾಕಿದ್ದೇನೆ, ಕೋಡ್‌ನಲ್ಲಿ ಲೋ (ಆಫ್) ಅಂದರೂ ವಾಲ್ವ್‌ನ ರಿಲೇ ಸ್ವಿಚ್‌ಗೆ ಹೋಗುವ ಪಿನ್‌ನಲ್ಲಿ 3.3 ವೋಲ್ಟ್ ಬರ್ತಿದೆ ಅಂತ. ಈಗ ಸರಿಹೋಯಿತು.

ಅಡಾಪ್ಟರ್ ಬದಲಿಸಿದೆ, ಉಪಯೋಗ ಆಗಲಿಲ್ಲ. ಮೆಮೊರಿ ಕಾರ್ಡ್ ಅಳಿಸಿ ಹೊಸದಾಗಿ ಓಎಸ್ ಹಾಕಿದ್ದಂತೂ ಸುಮ್ನೆ ಒಂದು ಸಂಜೆ ಹಾಳು. ಗ್ರೌಂಡ್ ವೈರ್ ನಿಜಕ್ಕೂ ಸಡಿಲ ಇತ್ತು, ಬಿಗಿ ಮಾಡಿದೆ. ಆದರೂ ಮೀಟರ್ 3.29 ಬಿಟ್ಟು ಕದಲಲಿಲ್ಲ.

‘ನಂಬರ್ ಯಾವ ಲೆಕ್ಕದ್ದು ರೀ, ಬೋರ್ಡಿನದೋ ಬಿಸಿಎಂದೋ?’ ಅಂತ ಒಬ್ಬರು ಕೇಳಿದ್ದರಲ್ಲ, ಅವರೇ ಗೆದ್ದರು. ಬೋರ್ಡಿನ ಲೆಕ್ಕ ಅಂದರೆ ಪಿನ್ ಸಾಲಿನಲ್ಲಿ ಎಷ್ಟನೆಯದು ಅಂತ; ಬಿಸಿಎಂ ಲೆಕ್ಕ ಅಂದರೆ ಚಿಪ್ ಕೊಡುವ ಜಿಪಿಐಒ ನಂಬರ್ (ಜಿಪಿಐಒ ಅಂದರೆ ಕೋಡ್‌ನಿಂದ ನಡೆಸುವ ಪಿನ್). ನಾನು ವೈರ್ ಚುಚ್ಚಿದ್ದು ಎಣಿಸಿಕೊಂಡು 5ನೇ ಪಿನ್‌ಗೆ. ಅದು ಜಿಪಿಐಒ 3. ಕೋಡ್ ಇದ್ದದ್ದು ಬಿಸಿಎಂ ಲೆಕ್ಕದಲ್ಲಿ, ಅದಕ್ಕೆ 5 ಅಂದರೆ 29ನೇ ಪಿನ್. ಅಲ್ಲಿ ವೈರೇ ಇಲ್ಲ! ಪಾಪ, ಆ 29ನೇ ಪಿನ್ ಹೇಳಿದ ಹಾಗೆ ಆನ್-ಆಫ್ ಮಾಡ್ತಾನೇ ಇತ್ತು.

ಹಾಗಾದರೆ 3.3 ಎಲ್ಲಿಂದ ಬಂತು? ಜಿಪಿಐಒ 2 ಮತ್ತು 3ಕ್ಕೆ ಐ2ಸಿ (ಸೆನ್ಸರ್‌ಗಳಂಥವು ಪೈ ಜೊತೆ ಮಾತಾಡುವ ವೈರಿಂಗ್ ಪದ್ಧತಿ) ಸಲುವಾಗಿ ಬೋರ್ಡಿನಲ್ಲೇ 1.8 ಕಿಲೋಓಮ್ ಪುಲ್-ಅಪ್, ಅಂದರೆ ಪಿನ್ನನ್ನು 3.3 ವೋಲ್ಟ್ ಕಡೆಗೆ ಎಳೆದಿಡುವ ರೆಸಿಸ್ಟರ್, ಬೆಸುಗೆ ಹಾಕಿರುತ್ತಾರಂತೆ. ಕೋಡ್‌ನಿಂದ ತೆಗೆಯೋಕೆ ಆಗಲ್ಲ.

ಈಗ ವೈರ್ 11ನೇ ಪಿನ್‌ಗೆ, ಕೋಡ್‌ನಲ್ಲಿ 17. ಆಫ್ ಅಂದರೆ ಸೊನ್ನೆ.

ಇನ್ನೊಂದು ಗೊತ್ತೇ ಇರಲಿಲ್ಲ. ಪೈ ಶುರುವಾಗುವಾಗ ಜಿಪಿಐಒ 0ರಿಂದ 8 ಮೇಲಕ್ಕೆ (3.3 ವೋಲ್ಟ್ ಕಡೆಗೆ, ಅಂದರೆ ಹೈ) ಎಳೆದಿರುತ್ತವೆ, 9ರಿಂದ 27 ಕೆಳಕ್ಕೆ (ಸೊನ್ನೆ ಕಡೆಗೆ). ನನ್ನ ರಿಲೇ ಹೈ ಬಂದರೆ ಆನ್ ಆಗುವಂಥದ್ದು. ನಮ್ಮ ಕಡೆ ಕರೆಂಟ್ ಹೋಗಿ ಬರೋದು ಗೊತ್ತಲ್ವಾ, ಹಳೇ ಪಿನ್‌ನಲ್ಲೇ ಇದ್ದಿದ್ದರೆ ಪ್ರತಿ ಸಲ ವಾಲ್ವ್ ತಾನೇ ತೆರೆದುಕೊಳ್ಳಬಹುದಿತ್ತು. ಟರ್ಮಿನಲ್‌ನಲ್ಲಿ ‘ಪಿನ್‌ಔಟ್’ ಕಮಾಂಡ್ ಕೊಟ್ಟರೆ ಬೋರ್ಡಿನದು, ಬಿಸಿಎಂದು ಎರಡೂ ನಂಬರ್ ಪಕ್ಕಪಕ್ಕದಲ್ಲೇ ಕಾಣುತ್ತವೆ.