ಹನ್ನೆರಡು ವರ್ಷದ ಮಕ್ಕಳಿಗೆ ಯಾವ ಪ್ರಾಣಿ ಕಥೆ?

ಅಕ್ಕಾರೆ, ನಿಮ್ಮ ಪ್ರಶ್ನೆ ನೋಡಿದೆ. ಮಗನಿಗೆ ಹನ್ನೆರಡು, ಪ್ರಾಣಿ ಕಥೆ ಅಂದ್ರೆ ಮೂಗು ಮುರಿಯುತ್ತಾನೆ, ಆದ್ರೂ ದೇವರು-ಧರ್ಮದ ನಾಲ್ಕು ಮಾತು ಕಿವಿಗೆ ಬೀಳಬೇಕು ಅಂತೀರಿ. ಈ ವಯಸ್ಸಿನವರಿಗೆ ಬೇಜಾರು ತರಿಸೋದು ಕೊನೆಯ ನೀತಿಪಾಠ. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅದೇನು ಅಂತ ಅವರಿಗೆ ಗೊತ್ತಾಗಿಬಿಟ್ಟಿರುತ್ತದೆ.

ನಾನಾದ್ರೆ ವಚನಗಳಲ್ಲಿರುವ ಪ್ರಾಣಿಗಳನ್ನು ಹಿಡಿಯುತ್ತೇನೆ. ಕಲಬುರಗಿ, ಬೀದರ್ ಕಡೆಯವರಾದ ನಮಗೆ ಬಸವಕಲ್ಯಾಣ ಏನು ದೂರವೇ?

ಬಸವಣ್ಣನ ಹರಕೆಯ ಕುರಿಯನ್ನೇ ನೋಡಿ. ಹಬ್ಬಕ್ಕೆ ಬಲಿ ಕೊಡಲು ತಂದ ಕುರಿ, ತೋರಣಕ್ಕೆ ತಂದಿಟ್ಟ ತಳಿರನ್ನು ಮೇಯುತ್ತದೆ. ತನ್ನನ್ನು ಕೊಲ್ಲುತ್ತಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಹಸಿದಿದೆ, ತಿನ್ನುತ್ತಿದೆ. ಕುರಿ ಹೋಯಿತು ಸರಿ, ಕೊಂದವರು ಉಳಿದರೇ ಅಂತ ಕೇಳಿ ಬಸವಣ್ಣ ಅಲ್ಲಿಗೇ ಬಿಡುತ್ತಾನೆ. ಇದನ್ನು ನನ್ನ ಮಗಳಿಗೆ ಹೇಳಿದ್ದು ನಮ್ಮವ್ವ, ಕಲಬುರಗಿಯಿಂದ ವಿಡಿಯೋ ಕಾಲ್‌ನಲ್ಲಿ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಹೇಳುತ್ತಿದ್ದರು, ಕೇರುವ ಸದ್ದಿಗೆ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ.

"ಆಯಿ, ಕೊಂದವ್ರಿಗೆ ಆಮೇಲೆ ಏನಾಯ್ತು?"

"ಅವ್ರೂ ಸತ್ರವ್ವಾ, ಮತ್ತೇನ್ ಆಗ್ತದ?"

"ಹಂಗಾದ್ರೆ ಕುರಿ ಬೇಕು ಅಂತ ದೇವ್ರು ಕೇಳಿದ್ನಾ?"

ಅಲ್ಲಿಂದ ಶುರುವಾದ ವಾದ ಅವ್ವನ ಬೇಳೆ ಹಸನಾದ ಮೇಲೂ ಮುಗಿಯಲಿಲ್ಲ.

ಬಲಿಯ ವಿಷಯ ಊರಿಂದ ದೂರ ಬೆಳೆದ ನಮ್ಮ ಮಕ್ಕಳಿಗೆ ಬೇಡ ಅಂತ ನಿಮ್ಮ ಪ್ರಶ್ನೆಗೆ ಒಬ್ಬರು ಬರೆದಿದ್ದಾರೆ. ನಾನು ಒಪ್ಪಲ್ಲ. ಪುಣ್ಯಕೋಟಿಯ ಹುಲಿ ಪ್ರಾಣ ಬಿಡೋದನ್ನು ಒಂದನೇ ಕ್ಲಾಸಿನವರಿಗೇ ಹಾಡಿ ಹೇಳುತ್ತೇವೆ, ಅಲ್ವಾ?

ಕಾಗೆ-ಕೋಳಿಯ ವಚನವೂ ಇದೆ. ಒಂದು ಅಗುಳು ಕಂಡರೂ ಕಾಗೆ ತನ್ನ ಬಳಗವನ್ನು ಕರೆಯುತ್ತದೆ, ಭಕ್ತನಿಗೆ ಅಷ್ಟೂ ಇಲ್ಲದಿದ್ರೆ ಅವನು ಕಾಗೆ ಕೋಳಿಗಿಂತ ಕಡೆ ಅನ್ನುತ್ತಾನೆ ಬಸವಣ್ಣ. ಮಕ್ಕಳು ಬಿಡ್ತಾರಾ? ಕಾಗೆ ಬರೀ ಕಾಗೆಗಳನ್ನೇ ಕರೆದ್ರೆ ಗುಬ್ಬಿ ಏನ್ ಮಾಡಬೇಕು ಅಂತಾರೆ. ಕೇಳಲಿ ಬಿಡಿ. ಕಲ್ಲು ನಾಗರಕ್ಕೆ ಹಾಲು, ನಿಜವಾದ ನಾಗರಕ್ಕೆ ಏಟು ಅನ್ನೋ ವಚನವನ್ನು ಮಾತ್ರ ಪಂಚಮಿ ದಿನ ಅತ್ತೆಯವರ ಎದುರಿಗೆ ತೆಗೀಬೇಡಿ, ಪೇಚಾಟ ನಿಮಗೇ!

ಪಂಚತಂತ್ರ ಸಾಕಲ್ಲ ಅಂತ ಕೇಳಿದವರಿಗೆ: 11ನೇ ಶತಮಾನದಲ್ಲೇ ಅದನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ರಾಜ ಜಯಸಿಂಹನ ಸಂಧಿವಿಗ್ರಹಿ, ಅಂದ್ರೆ ಯುದ್ಧ-ಸಂಧಿಗಳ ವ್ಯವಹಾರ ನೋಡಿಕೊಳ್ಳುವ ಮಂತ್ರಿ. ಕಥೆಗಳು ಸೊಗಸು, ಆದ್ರೆ ಅಲ್ಲಿನ ನರಿಗಳಿಗೆ ಭಕ್ತಿಗಿಂತ ರಾಜಕಾರಣ ಜಾಸ್ತಿ. ಅದಕ್ಕಿಂತ ಜಾತಕ ಕಥೆ ನಿಮಗೆ ಹೊಂದುತ್ತದೆ. ಬುದ್ಧ ಹಿಂದಿನ ಜನ್ಮಗಳಲ್ಲಿ ಆನೆ, ಜಿಂಕೆ, ಕೋತಿಯಾಗಿ ಹುಟ್ಟಿದ ಕಥೆಗಳು ಅದರಲ್ಲಿವೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ, ಭೀಮಾ ದಂಡೆಯ ಕನಗನಹಳ್ಳಿ ಸ್ತೂಪದಲ್ಲಿ ಜಾತಕಗಳನ್ನು ಕಲ್ಲಲ್ಲೇ ಕೆತ್ತಿದ್ದಾರೆ. 'ರಾಯ ಅಸೋಕೋ' ಅಂತ ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕಿದ್ದೂ ಅಲ್ಲೇ. ಊರಿಗೆ ಹೋದಾಗ ಮಗನನ್ನು ಕರ್ಕೊಂಡು ಹೋಗಿ. ಡಿಸೆಂಬರ್ ರಜೆಗೆ ಇಟ್ಕೊಳ್ಳಿ, ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ.